ಸಮ್ಮೇಳನಕ್ಕೆ ಹೊರಟಿದ್ದೀರಾ? ಷೆಂಗೆನ್ ವೀಸಾ ಸುಲಭವೋ, ಅಮೆರಿಕದ ಬಿ-1 ಸುಲಭವೋ

ಯುರೋಪ್, ಅಮೆರಿಕ ಎರಡೂ ಕಡೆ ಪ್ರಬಂಧ ಒಪ್ಪಿಗೆಯಾಗಿದೆ, ಹೋಗಲು ಆಗುವುದು ಒಂದಕ್ಕೇ ಅಂದರೆ ಮೊದಲು ಕ್ಯಾಲೆಂಡರ್ ನೋಡಿ.

ಷೆಂಗೆನ್ ಅಂದರೆ ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ. ಅದಕ್ಕೆ ಕಾಗದಪತ್ರ ಜಾಸ್ತಿ. ಆಹ್ವಾನ ಪತ್ರ, ಉಳಿಯುವ ಜಾಗದ ಬುಕಿಂಗ್, ಖರ್ಚಿಗೆ ಹಣವಿದೆ ಅನ್ನುವ ದಾಖಲೆ, ಜೊತೆಗೆ ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ. ಆದರೆ ಸಮಯದ ಲೆಕ್ಕ ಸಿಗುತ್ತದೆ. 6 ತಿಂಗಳು ಮೊದಲೇ ಅರ್ಜಿ ಹಾಕಬಹುದು. ಸಾಮಾನ್ಯವಾಗಿ 15 ದಿನದಲ್ಲಿ ತೀರ್ಮಾನ, ಎಳೆದರೆ 45.

ಬಿ-1 ಅಂದರೆ ವ್ಯವಹಾರ, ಸಮ್ಮೇಳನ ಅಂತ ಸ್ವಲ್ಪ ದಿನಕ್ಕೆ ಹೋಗುವವರ ವೀಸಾ. ಅದಕ್ಕೆ ಡಿಎಸ್-160 ಅನ್ನುವ ಆನ್‌ಲೈನ್ ಅರ್ಜಿ ಫಾರಂ, ಆಮೇಲೆ ಸಂದರ್ಶನ. ವಿಮೆ ಕಡ್ಡಾಯವಲ್ಲ. ತಲೆನೋವು ಅಂದರೆ ಸಂದರ್ಶನದ ದಿನಾಂಕ. ಕೆಲವು ಕಡೆ ತಿಂಗಳುಗಟ್ಟಲೆ ಕಾಯಬೇಕು. ಕೆಲಸ ಮುಗಿಸಿ ವಾಪಸ್ ಹೋಗುತ್ತೀರಿ ಅಂತ ಅಧಿಕಾರಿಗೆ ನಂಬಿಕೆಯೂ ಬರಬೇಕಲ್ವಾ, ಸುಮ್ನೆ ಆಹ್ವಾನ ಪತ್ರ ತೋರಿಸಿದರೆ ಸಾಲದು.

ಮೂರೇ ತಿಂಗಳು ಉಳಿದಿದ್ದರೆ ನಾನಂತೂ ಷೆಂಗೆನ್ ಕಡೆಗೇ ವಾಲುತ್ತೇನೆ. ಬಿ-1 ಆಗಲೇ ಕೈಯಲ್ಲಿದ್ದರೆ ಮಾತೇ ಬೇರೆ.