ಗಾಜು ತೊಳೆಯುವ ನೀರು ಎಲ್ಲಿ ಸೋರುತ್ತದೆ? ಹಾಳೆ, ಬಣ್ಣ, ಗಾಳಿ, ಪೈಪು ಕಳಚುವುದು: ಯಾವುದು ಬೇಗ ಹೇಳುತ್ತದೆ

ಕಾರಿನ ಗಾಜು ತೊಳೆಯುವ ನೀರಿನ ಟ್ಯಾಂಕ್ (ವಾಷರ್ ಟ್ಯಾಂಕ್) ತುಂಬಿಸಿ ಎರಡು ದಿನ ಆಗಿರುವುದಿಲ್ಲ, ವೈಪರ್ ಲಿವರ್ ಎಳೆದರೆ ಪಂಪಿನ ಗುಂಯ್ ಶಬ್ದ ಮಾತ್ರ, ಗಾಜಿಗೆ ಹನಿ ನೀರಿಲ್ಲ. ಮಳೆಗಾಲದಲ್ಲಿ ಯಾರೂ ಇದನ್ನು ಗಮನಿಸುವುದಿಲ್ಲ. ಮಳೆ ನಿಂತು, ಹೆದ್ದಾರಿ 66ರ ಕೆಂಪು ಧೂಳು ಗಾಜಿನ ಮೇಲೆ ಕೂತಾಗ ನೆನಪಾಗುತ್ತದೆ. ಕಾಸರಗೋಡಿನ ವರ್ಕ್‌ಶಾಪಿನಲ್ಲಿ ಕನ್ನಡದಲ್ಲಿ ಸೋರಿಕೆ ಎಂದರೂ ಒಂದೇ, ಮಲಯಾಳದಲ್ಲಿ ಚೋರ್ಚ್ಚ ಎಂದರೂ ಒಂದೇ. ಯಾವಾಗ ಸೋರುತ್ತದೆ ಎಂದು ಹೇಳದಿದ್ದರೆ ಅವರು ಮೊದಲು ಬಂಪರಿಗೇ ಕೈ ಹಾಕುತ್ತಾರೆ. ಬಂಪರ್ ಬಿಚ್ಚದೆ ಉತ್ತರ ಸಿಗುವ ನಾಲ್ಕು ದಾರಿಗಳನ್ನು ಮಾಡಿ ನೋಡಿ ಇಲ್ಲಿ ಹೋಲಿಸಿದೆ.

ಯಾವ ದಾರಿ ಹಿಡಿಯುವುದಿದ್ದರೂ ಮೊದಲು ಒಂದು ಪ್ರಶ್ನೆ ಉಂಟು: ಗಾಡಿ ನಿಂತಿದ್ದಾಗಲೂ ನೀರು ಇಳಿಯುತ್ತದೋ, ಪಂಪ್ ಓಡಿಸಿದಾಗ ಮಾತ್ರವೋ? ಮುಂದಿನ ಗಾಜಿಗೆ ಮಾತ್ರ ನೀರು ಕೊಡುವ ಸಾದಾ ಪಂಪಿನಲ್ಲಿ ನೀರನ್ನು ತಡೆದು ನಿಲ್ಲಿಸುವ ವಾಲ್ವ್ ಇರುವುದಿಲ್ಲ. ಒಳಗಿರುವುದು ಒಂದು ಪುಟ್ಟ ಚಕ್ರ. ಅದು ನಿಂತಿದ್ದಾಗ ನೀರು ಅದನ್ನು ದಾಟಿಕೊಂಡು ಹೋಗುತ್ತದೆ. ಹಾಗಾಗಿ ಪೈಪು ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಕೆಳಗೆ ತುಂಡಾಗಿದ್ದರೆ, ಪಂಪ್ ಮುಟ್ಟದೆಯೇ ಟ್ಯಾಂಕ್ ಖಾಲಿ. ಮಟ್ಟಕ್ಕಿಂತ ಮೇಲೆ, ಅಂದರೆ ಬಾನೆಟ್ಟಿನ ಅಡಿಯಲ್ಲಿ ಪೈಪು ಕವಲೊಡೆಯುವ ಟೀ ಜಾಯಿಂಟಿನಲ್ಲೋ ಗಾಜಿಗೆ ನೀರು ಚಿಮ್ಮುವ ನಾಜಲ್ಲಿನ ಬುಡದಲ್ಲೋ ಬಿಟ್ಟಿದ್ದರೆ, ಲಿವರ್ ಎಳೆದಾಗ ಮಾತ್ರ ಸೋರುತ್ತದೆ.

ಇನ್ನೊಂದು ಸುಳುಹು ಪುಕ್ಕಟೆ ಸಿಗುತ್ತದೆ, ಹೆಚ್ಚಿನವರು ಬಿಟ್ಟುಬಿಡುತ್ತಾರೆ. ನೀರು ಪೂರ್ತಿ ಖಾಲಿಯಾಗದೆ ನಡುವೆಲ್ಲೋ ನಿಂತರೆ, ನಿಂತ ಎತ್ತರವೇ ತೂತಿನ ಎತ್ತರ. ಟ್ಯಾಂಕ್ ಬಂಪರಿನ ಒಳಗಿದ್ದು ಕಣ್ಣಿಗೆ ಕಾಣದಿದ್ದರೆ ಲೀಟರ್ ಬಾಟಲಿಯಲ್ಲಿ ಅಳೆದು ತುಂಬಿಸಿ. ಪೂರ್ತಿ ಖಾಲಿ ಟ್ಯಾಂಕಿಗೆ ಎರಡೂವರೆ ಲೀಟರ್ ಹಿಡಿದು, ಆಮೇಲೆ ಪ್ರತಿ ಸಲ ಮುಕ್ಕಾಲು ಲೀಟರ್ ಮಾತ್ರ ಹಿಡಿಯುತ್ತಿದ್ದರೆ ತೂತು ಮೇಲಿನ ಭಾಗದಲ್ಲಿದೆ. ಆಗ ಬುಡದ ಪಂಪಿನ ಮೇಲೆ ಅನುಮಾನ ಬೇಡ. ನೀರು ಹೊಯ್ಯುವ ಕುತ್ತಿಗೆ ಟ್ಯಾಂಕಿಗೆ ಸೇರುವ ಜಾಯಿಂಟನ್ನು ನೋಡಿ. ಗುಡ್ಡದ ಮನೆಗಳಲ್ಲಿ ಇಳಿಜಾರಿನಲ್ಲಿ ನಿಲ್ಲಿಸಿದಾಗ ಮಾತ್ರ ಸೋರುವ ಗಾಡಿಗಳಲ್ಲೂ ಮೊದಲು ನೋಡಬೇಕಾದದ್ದು ಇದೇ ಕುತ್ತಿಗೆ.

ಹಾಳೆ ಇಡುವುದು

ಮುರಕಲ್ಲಿನ ಅಂಗಳದಲ್ಲಿ ಹನಿ ಬಿದ್ದದ್ದು ಕಾಣುವುದೇ ಇಲ್ಲ, ಕಲ್ಲು ಕುಡಿದುಬಿಡುತ್ತದೆ. ಸಿಮೆಂಟಿನ ಶೆಡ್ಡು ಇಲ್ಲದಿದ್ದರೆ ಚೆನ್ನಾಗಿ ಒಣಗಿದ ಅಡಿಕೆ ಹಾಳೆ ಎರಡು ಸಾಕು. ಟ್ಯಾಂಕ್ ಇರುವ ಕಡೆಯ ಮುಂದಿನ ಚಕ್ರದ ಎದುರು ಒಂದು, ಎಂಜಿನ್ನಿನ ಹಿಂಬದಿಯ ಕೆಳಗೆ ಒಂದು. ರಾತ್ರಿ ಎಂಟು ಗಂಟೆ ಹೊತ್ತು ಬಿಡಿ. ಹನಿ ಬಿದ್ದಲ್ಲಿ ಹಾಳೆ ಕಪ್ಪಗಾಗುತ್ತದೆ. ಪ್ರಮಾಣ ಬೇಕಿದ್ದರೆ ಹಾಳೆ ತಟ್ಟೆ ಇಟ್ಟು ಬೆಳಿಗ್ಗೆ ಅಳೆಯಿರಿ. ಒಂದು ಮಿಲಿಲೀಟರಿಗೆ ಸುಮಾರು 20 ಹನಿ. ಹತ್ತು ಸೆಕೆಂಡಿಗೊಂದು ಹನಿ ಬಿದ್ದರೆ ಗಂಟೆಗೆ 18, ಎಂಟು ಗಂಟೆಗೆ ಹತ್ತಿರ 145 ಮಿಲಿಲೀಟರ್. ಸೆಕೆಂಡಿಗೊಂದಾದರೆ ದಿನಕ್ಕೆ ನಾಲ್ಕು ಲೀಟರ್ ದಾಟುತ್ತದೆ, ಯಾವ ಸಣ್ಣ ಕಾರಿನ ಟ್ಯಾಂಕೂ ತಾಳುವುದಿಲ್ಲ.

ಇದು ಎಷ್ಟು ಸೋರುತ್ತದೆಂದು ಖಚಿತವಾಗಿ ಹೇಳುತ್ತದೆ, ಎಲ್ಲಿಂದ ಎಂದು ಹೇಳುವುದಿಲ್ಲ. ಹನಿ ಬಿದ್ದ ಜಾಗ ಸೋರುವ ಜಾಗವಲ್ಲ. ನೀರು ಚಕ್ರದ ಮೇಲಿನ ಪ್ಲಾಸ್ಟಿಕ್ ಹೊದಿಕೆಯ, ಅಂದರೆ ಲೈನರಿನ, ಒಳಮೈಯಲ್ಲಿ ಹರಿದು ಅತ್ಯಂತ ತಗ್ಗಿನಲ್ಲಿ ಬೀಳುತ್ತದೆ. ಮುಂದಿನ ಸೀಟಿನ ಕಾಲಿಡುವ ಜಾಗದ ನೇರ ಕೆಳಗೆ ಬೀಳುವ ತಿಳಿ ನೀರು ಹೆಚ್ಚಾಗಿ ಏಸಿಯದು. ಬೆರಳಲ್ಲಿ ಉಜ್ಜಿ ನೋಡಿ: ಶಾಂಪೂ ಬೆರೆತ ವಾಷರ್ ನೀರು ಜಾರುತ್ತದೆ, ಏಸಿಯದು ಜಾರುವುದಿಲ್ಲ. ಮಳೆಯಲ್ಲಿ ನೆನೆದು ಬಂದ ಗಾಡಿಗೆ ಈ ಪರೀಕ್ಷೆ ಮಾಡಿ ಫಲವಿಲ್ಲ, ಗಾಜಿನ ಬುಡದ ಚರಂಡಿಯ ನೀರೂ ಅದೇ ಮೂಲೆಗೆ ಇಳಿಯುತ್ತದೆ.

ಪೈಪು ಕಳಚಿ ಬೇರ್ಪಡಿಸುವುದು

ನಮ್ಮ ಲೆಕ್ಕದಲ್ಲಿ ಮೊದಲ ಸ್ಥಾನ ಇದಕ್ಕೆ. ಪಂಪಿನಿಂದ ಹೊರಡುವ ಪೈಪನ್ನು ಕಳಚಿ, ಪಂಪಿನ ಮೂತಿಗೆ ನಾಲ್ಕು ಅಂಗುಲ ಬೇರೆ ಪೈಪು ಸಿಕ್ಕಿಸಿ, ಅದರ ತುದಿಗೆ ಸ್ಕ್ರೂ ತುರುಕಿ ಬಿಗಿಯಾಗಿ ಮುಚ್ಚಿ. ಅಕ್ವೇರಿಯಂ ಅಂಗಡಿಯ 4 ಮಿಲಿಮೀಟರ್ ಒಳವ್ಯಾಸದ ಗಾಳಿ ಪೈಪು ಬಹಳಷ್ಟು ಪಂಪುಗಳಿಗೆ ಹೊಂದುತ್ತದೆ. ಟ್ಯಾಂಕ್ ತುಂಬಿಸಿ ಎರಡು ಗಂಟೆ ಕಾಯಿರಿ. ಆಗಲೂ ಸೋರಿದರೆ ತಪ್ಪು ಟ್ಯಾಂಕಿನಲ್ಲಿ, ಪಂಪ್ ಟ್ಯಾಂಕಿಗೆ ಕೂರುವ ರಬ್ಬರ್ ಬುಶ್ಶಿನಲ್ಲಿ ಅಥವಾ ಪಂಪಿನ ಮೈಯಲ್ಲಿ. ಸೋರದಿದ್ದರೆ ಟ್ಯಾಂಕನ್ನು ಮರೆತುಬಿಡಿ, ಪೈಪಿನ ದಾರಿ ಹಿಡಿಯಿರಿ. ಮುಚ್ಚಿದ ಮೂತಿಯಲ್ಲಿ ಪಂಪ್ ಓಡಿಸಬೇಡಿ.

ತೊಂದರೆ ಇರುವುದು ಕೈ ಹೋಗುವುದರಲ್ಲಿ. ಟ್ಯಾಂಕ್ ಎಂಜಿನ್ ಕೋಣೆಯಲ್ಲೇ ಇರುವ ಹಳೇ ಸಣ್ಣ ಕಾರುಗಳಲ್ಲಿ ಇದು ಹತ್ತು ನಿಮಿಷದ ಕೆಲಸ. ಬಂಪರಿನ ಒಳಗಿದ್ದರೆ ಸ್ಟಿಯರಿಂಗನ್ನು ಚಕ್ರದ ಮುಂದೆ ಜಾಗ ಬಿಡುವ ಕಡೆಗೆ ಪೂರ್ತಿ ತಿರುಗಿಸಿ, ಲೈನರಿನ ಮುಂಭಾಗದ ಸ್ಕ್ರೂ, ಕ್ಲಿಪ್ಪುಗಳನ್ನಷ್ಟೇ ತೆಗೆದು ಮಡಚಬೇಕು. ಕ್ಲಿಪ್ಪಿನ ನಡುವಿನ ಗುಬ್ಬಿಯನ್ನು ಮೊದಲು ಎತ್ತಿ, ಆಮೇಲೆ ಇಡೀ ಕ್ಲಿಪ್ಪನ್ನು ಎಳೆಯಿರಿ. ಧೂಳು ಕೂತ ಹಳೇ ಕ್ಲಿಪ್ಪು ಒಂದೆರಡಾದರೂ ಮುರಿಯುತ್ತದೆ, ನಾಲ್ಕು ಹೊಸದು ಮೊದಲೇ ತಂದಿಟ್ಟುಕೊಳ್ಳಿ. ಗಾಡಿ ಎತ್ತುವುದಿದ್ದರೆ ಜಾಕಿನ ಜೊತೆಗೆ ಸ್ಟ್ಯಾಂಡ್ ಬೇಕೇ ಬೇಕು.

ಬಣ್ಣ

ಎಲ್ಲರಿಗೂ ಇಷ್ಟವಾಗುವ ದಾರಿ ಇದು, ಎಡವುವವರೂ ಇದರಲ್ಲೇ ಹೆಚ್ಚು. ಅರಿಶಿನ, ಕುಂಕುಮ, ನೀಲಿ ಪುಡಿ ಯಾವುದನ್ನೂ ಹಾಕಬೇಡಿ. ಇವು ಕರಗುವುದಿಲ್ಲ, ಪಂಪಿನ ಬಾಯಿಯ ಜಾಲರಿಯಲ್ಲೂ ನಾಜಲ್ಲಿನ ತೂತಿನಲ್ಲೂ ಕೂರುತ್ತವೆ. ನೀರಿನಲ್ಲಿ ಕರಗುವ ತಿಂಡಿ ಬಣ್ಣ ಆಗಬಹುದು. ಆದರೆ ಕೆಂಪು ಮಣ್ಣು ಮೆತ್ತಿದ ಲೈನರಿನ ಮೇಲೆ ಕೆಂಪು, ಕೇಸರಿ ಎರಡೂ ಕಾಣುವುದಿಲ್ಲ. ಹಸಿರು ತೆಗೆದುಕೊಳ್ಳಿ. ಬಿಳಿ ಗಾಡಿಯಾದರೆ ಈ ನೀರನ್ನು ಗಾಜಿಗೆ ಚಿಮ್ಮಿಸಬೇಡಿ.

ಅದಕ್ಕಿಂತ ಒಳ್ಳೆಯದು ಹಳದಿ ಹೈಲೈಟರ್ ಪೆನ್ನಿನ ಶಾಯಿ. ಪೆನ್ನಿನೊಳಗಿನ ಬತ್ತಿಯನ್ನು ಒಂದು ಲೋಟ ನೀರಿನಲ್ಲಿ ಹಿಂಡಿ, ಬಟ್ಟೆಯಲ್ಲಿ ಸೋಸಿ ಟ್ಯಾಂಕಿಗೆ ಹಾಕಿ. ರಾತ್ರಿ, ನೋಟು ಪರೀಕ್ಷಿಸುವ ಯುವಿ ಟಾರ್ಚಿನಲ್ಲಿ ನೋಡಿದರೆ ಸೋರಿದ ದಾರಿ ಹಳದಿ ಹಸಿರಾಗಿ ಬೆಳಗುತ್ತದೆ. ನೀಲಿ ಬಿಳುಪಾಗಿ ಬೆಳಗಿದ್ದನ್ನು ನಂಬಬೇಡಿ. ಅದು ಬಟ್ಟೆ ಸೋಪಿನ ಪುಡಿಯ ಹೊಳಪು. ಬಿಳಿ ಟಿಶ್ಯೂ ಕಾಗದವೂ ಹಾಗೇ ಬೆಳಗುತ್ತದೆ.

ಬಣ್ಣ ಎಲ್ಲ ಕಡೆ ಹರಡುವ ಮೊದಲು ನೋಡಬೇಕು, ಅದೇ ಗುಟ್ಟು. ಮೊದಲು ಆ ಭಾಗ ತೊಳೆದು ಒಣಗಿಸಿ, ಬಣ್ಣ ಹಾಕಿ, ಕಾಲು ಗಂಟೆಯೊಳಗೆ ನೋಡಿ. ಬೆಳಗ್ಗೆ ನೋಡೋಣ ಎಂದು ಬಿಟ್ಟರೆ ಇಡೀ ಮೂಲೆ ಹಸಿರು, ಏನೂ ತಿಳಿಯುವುದಿಲ್ಲ ಮಾರಾಯ್ರೆ. ಗುರುತಿನ ಅತ್ಯಂತ ಮೇಲಿನ ತುದಿ ಮಾತ್ರ ಸಾಕ್ಷಿ, ಕೆಳಗಿನದೆಲ್ಲ ಹರಿದು ಬಂದದ್ದು. ಒಂದು ವಿಷಯದಲ್ಲಿ ಬಣ್ಣವನ್ನು ಮೀರಿಸುವುದು ಯಾವುದೂ ಇಲ್ಲ: ಪಂಪಿನ ವಯರ್ ಪ್ಲಗ್ಗಿನೊಳಗೆ ಬಣ್ಣ ಕಂಡರೆ ನೀರು ಶಾಫ್ಟ್ ಸೀಲ್ (ಪಂಪಿನ ಚಕ್ರಕ್ಕೂ ಮೋಟಾರಿಗೂ ನಡುವೆ ನೀರು ತಡೆಯುವ ರಬ್ಬರ್) ದಾಟಿ ಮೋಟಾರಿಗೆ ಹೋಗಿದೆ. ಬುಶ್ ಬದಲಿಸಿ ಪ್ರಯೋಜನವಿಲ್ಲ, ಪಂಪೇ ಹೊಸದು ಬೇಕು. ಹೊರಗಿನಿಂದ ನೋಡಿದರೆ ಬುಶ್ಶಿನದು, ಸೀಲಿನದು ಎರಡೂ ಸೋರಿಕೆ ಒಂದೇ ಥರ ಕಾಣುತ್ತವೆ.

ಗಾಳಿ

ಟ್ಯಾಂಕಿಗೆ ಗಾಳಿ ಹಾಕಬೇಡಿ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ತಂದರಂತೂ ಬುಶ್ ಹಾರಿ, ಟ್ಯಾಂಕಿನ ಬೆಸುಗೆ ಬಿಟ್ಟು, ಇಲ್ಲದ ಸೋರಿಕೆ ಹುಟ್ಟುತ್ತದೆ. ಗಾಳಿ ಏನಿದ್ದರೂ ಪೈಪಿಗೆ, ಅದೂ ಬಾಯಿಯಲ್ಲಿ ಊದುವಷ್ಟು. ಪಂಪಿನ ಕಡೆಯಿಂದ ಊದಿ, ನಾಜಲ್ಲುಗಳನ್ನು ಇನ್ನೊಬ್ಬರು ಬೆರಳಲ್ಲಿ ಒತ್ತಿ ಹಿಡಿಯಲಿ. ಎಲ್ಲ ಸರಿ ಇದ್ದರೆ ಗಾಳಿ ಹೋಗುವುದಿಲ್ಲ. ಹೋದರೆ ಜಾಯಿಂಟುಗಳಿಗೆ ಸೋಪಿನ ನೊರೆ ಹಚ್ಚಿ, ಗುಳ್ಳೆ ಬಂದಲ್ಲಿ ತೂತು. ಬಾನೆಟ್ಟಿನ ಹತ್ತಿಯ ಹೊದಿಕೆಯ ಒಳಗೆ ಇಲಿ ಕಡಿದದ್ದು ಬಣ್ಣದಲ್ಲಿ ಸಿಗುವುದು ಕಷ್ಟ, ಹೊದಿಕೆ ನೀರು ಹೀರುತ್ತದೆ; ಊದಿದರೆ ಕಿವಿಗೇ ಕೇಳುತ್ತದೆ.

ಹಿಂದಿನ ಗಾಜಿಗೂ ವಾಷರ್ ಇರುವ ಹ್ಯಾಚ್‌ಬ್ಯಾಕ್‌ಗಳಲ್ಲಿ ಗಾಳಿಯ ದಾರಿಯೇ ಸರಿ. ಆ ಪೈಪು ಮ್ಯಾಟಿನ ಅಡಿಯಲ್ಲೋ ಮಾಡಿನ ಅಂಚಿನಲ್ಲೋ ಇಡೀ ಗಾಡಿಯನ್ನು ದಾಟಿ, ಡಿಕ್ಕಿ ಬಾಗಿಲಿನ ತಿರುಗಣಿಯ ಬಳಿ ರಬ್ಬರ್ ತೋಳಿನೊಳಗೆ ಹೋಗುತ್ತದೆ. ಬಾಗಿಲು ತೆರೆದು ಮುಚ್ಚಿ ಅಲ್ಲೇ ಸೀಳುವುದು ಹೆಚ್ಚು. ಹೊರಗೆ ಹನಿ ಇಲ್ಲದೆ ಒಳಗಿನ ಮ್ಯಾಟ್ ಒದ್ದೆಯಾಗಿ ವಾಸನೆ ಬಂದರೆ ಹಾಳೆ, ಬಣ್ಣ ಎರಡನ್ನೂ ಬಿಟ್ಟು ಇಲ್ಲಿಂದಲೇ ಶುರು ಮಾಡಿ. ಜಾಯಿಂಟು ಜಾರಿದ್ದು ಸಿಕ್ಕರೆ ಹಿಂದಿನ ನಾಜಲ್ ಕಟ್ಟಿದೆಯೋ ನೋಡಲೇಬೇಕು. ತುದಿ ಕಟ್ಟಿದರೆ ಒತ್ತಡ ಏರಿ ಸಡಿಲ ಜಾಯಿಂಟು ಕಳಚುತ್ತದೆ. ನಾಜಲ್ ಬಿಡಿಸದೆ ಪೈಪು ಸಿಕ್ಕಿಸಿದರೆ ಮತ್ತೆ ಕಳಚುತ್ತದೆ.

ಟ್ಯಾಂಕನ್ನೇ ಹೊರತೆಗೆದು ನೀರು ತುಂಬಿಸಿ ಒಣ ಸಿಮೆಂಟಿನ ಮೇಲೆ ಇಡುವುದು ಐದನೆಯದು. ಅದು ಸುಳ್ಳು ಹೇಳುವುದಿಲ್ಲ, ಆದರೆ ಅರ್ಧ ದಿನ ತಿನ್ನುತ್ತದೆ. ಪೈಪು ಕಳಚಿ ನೋಡಿ ತಪ್ಪು ಟ್ಯಾಂಕಿನದ್ದೇ ಎಂದಾದ ಮೇಲೆ ಮಾತ್ರ.

ಸಿಕ್ಕಿದ ಮೇಲೆ

ಬುಶ್ಶಿಗೆ ಸಿಲಿಕಾನ್ ಅಂಟು ಮೆತ್ತುವುದಕ್ಕಿಂತ ಹೊಸ ಬುಶ್ ಹಾಕುವುದು ಅಗ್ಗವೂ ಹೌದು, ಬಾಳಿಕೆಯೂ ಹೌದು. ಪಂಪ್ ಎಳೆದ ಕೂಡಲೇ ಟ್ಯಾಂಕಿನ ನೀರೆಲ್ಲ ಕೆಳಗೆ ಬರುತ್ತದೆ, ಬಕೆಟ್ ಇಡಿ. ಹೊಸ ಬುಶ್ಶನ್ನು ಸೋಪು ನೀರಿನಲ್ಲಿ ಅದ್ದಿ ಕೂರಿಸಿ. ಎಂಜಿನ್ ಆಯಿಲ್, ಗ್ರೀಸ್ ಹಚ್ಚಿದರೆ ರಬ್ಬರ್ ಉಬ್ಬುತ್ತದೆ.

ಬಿರುಕಿಗೆ ಎಂ-ಸೀಲ್, ಫೆವಿಕ್ವಿಕ್ ಎರಡೂ ಸೋಲುತ್ತವೆ. ಟ್ಯಾಂಕಿನ ಮೈಮೇಲೆ ಪಿಇ ಅಥವಾ ಪಿಪಿ ಎಂದು ಅಚ್ಚು ಹಾಕಿರುತ್ತದೆ. ಈ ಪ್ಲಾಸ್ಟಿಕ್ಕಿಗೆ ಅಂಟು ಕಚ್ಚುವುದಿಲ್ಲ, ಒಂದು ತಿಂಗಳಿಗೆ ಚಕ್ಕೆಯಾಗಿ ಏಳುತ್ತದೆ. ಅದೇ ಜಾತಿಯ ಪ್ಲಾಸ್ಟಿಕ್ ಚೂರನ್ನು ಸೋಲ್ಡರಿಂಗ್ ಕಬ್ಬಿಣದಲ್ಲಿ ಕರಗಿಸಿ ಬೆಸೆದರೆ ನಿಲ್ಲುತ್ತದೆ. ಬಿರುಕಿನ ಎರಡೂ ತುದಿಗೆ ಮೊದಲು ಸಣ್ಣ ತೂತು ಕೊರೆಯಿರಿ, ಇಲ್ಲದಿದ್ದರೆ ಬಿರುಕು ಮುಂದೆ ಓಡುತ್ತದೆ.

ಪೈಪಿನಲ್ಲಿ ಅಕ್ವೇರಿಯಂನದ್ದು ಪರೀಕ್ಷೆಗೆ ಮಾತ್ರ. ಎಂಜಿನ್ನಿನ ಬಿಸಿಗೆ ಮೆತ್ತಗಾಗಿ ಜಾರುತ್ತದೆ, ಆಮೇಲೆ ಗಟ್ಟಿಯಾಗಿ ಒಡೆಯುತ್ತದೆ. ರಬ್ಬರ್ ಅಥವಾ ಸಿಲಿಕಾನ್ ಪೈಪು ಹಾಕಿ. ಅಡಿಕೆ ತೋಟದ ಬದಿಯಲ್ಲಿ ಗಾಡಿ ನಿಲ್ಲುವುದಾದರೆ ಇಲಿಗೆ ಎರಡೂ ಒಂದೇ ರುಚಿ. ಮೇಲಿಂದ ವಯರಿಂಗಿನ ಸುಕ್ಕು ಕೊಳವೆ ತೊಡಿಸಿದರೆ ಸ್ವಲ್ಪ ದಿನ ಜಾಸ್ತಿ ಬರುತ್ತದೆ.

ಎಲ್ಲ ಕೂರಿಸಿದ ಮೇಲೆ, ಲೈನರ್ ಮುಚ್ಚುವ ಮೊದಲು, ಟ್ಯಾಂಕ್ ತುಂಬಿಸಿ ಪಂಪನ್ನು ಐದೈದು ಸೆಕೆಂಡಿನಂತೆ ಆರು ಸಲ ಓಡಿಸಿ. ಜಾಯಿಂಟಿನ ಸುತ್ತ ಒಣ ನ್ಯೂಸ್‌ಪೇಪರ್ ಸುತ್ತಿಟ್ಟು, ಕೆಳಗೆ ಹೊಸ ಹಾಳೆ ಇಟ್ಟು ಒಂದು ರಾತ್ರಿ ಬಿಡಿ. ಬೆಳಿಗ್ಗೆ ಎರಡೂ ಒಣಗಿದ್ದರೆ ಕ್ಲಿಪ್ಪು ಒತ್ತಿ.