ಮ್ಯಾಚ್ ಆಫ್ ದ ಡೇ: ಲಿನೆಕರ್ ಇದ್ದ ಕಾಲ

ಇಂಗ್ಲೆಂಡಿನ ಲೆಸ್ಟರ್‌ಗೆ ಬಂದು ನೆಲೆಸಿದ ಮೇಲೆ ನನಗೆ ಫುಟ್‌ಬಾಲ್ ಅರ್ಥವಾಗಿದ್ದೇ ಬಿಬಿಸಿಯ 'ಮ್ಯಾಚ್ ಆಫ್ ದ ಡೇ' ನೋಡಿ. ಪಂದ್ಯಗಳ ಮುಖ್ಯ ಭಾಗ ತೋರಿಸಿ ವಿವರಿಸುವ ಟಿವಿ ಕಾರ್ಯಕ್ರಮ ಅದು. ಶನಿವಾರ ರಾತ್ರಿ ಹತ್ತೂವರೆ ಹೊತ್ತಿಗೆ ಬರುತ್ತದೆ. 1999ರಿಂದ 2025ರ ಮೇ ತನಕ ಅದನ್ನು ನಡೆಸಿಕೊಟ್ಟವರು ಮಾಜಿ ಆಟಗಾರ ಗ್ಯಾರಿ ಲಿನೆಕರ್, ಇದೇ ಊರಿನವರು. ಇಲ್ಲಿನ ಮಾರ್ಕೆಟ್‌ನಲ್ಲಿ ಅವರ ಅಪ್ಪನ ಹಣ್ಣು ತರಕಾರಿ ಅಂಗಡಿ ಇತ್ತು.

ಇಂಗ್ಲೆಂಡ್ ಪರ 80 ಪಂದ್ಯ, 48 ಗೋಲು. 1986ರ ವಿಶ್ವಕಪ್‌ನಲ್ಲಿ ಎಲ್ಲರಿಗಿಂತ ಹೆಚ್ಚು, 6 ಗೋಲು. ಆಡಿದಷ್ಟು ವರ್ಷವೂ ಒಂದೂ ಹಳದಿ ಕಾರ್ಡ್ (ತಪ್ಪಾಟಕ್ಕೆ ರೆಫರಿ ಕೊಡುವ ಎಚ್ಚರಿಕೆ) ಕಂಡವರಲ್ಲ. ಇಷ್ಟೆಲ್ಲ ಇದ್ದರೂ ಸ್ಟುಡಿಯೋದಲ್ಲಿ ಜಾಸ್ತಿ ಮಾತು ಪಕ್ಕದವರಿಗೇ ಬಿಡುತ್ತಿದ್ದರು. ಡಿಫೆಂಡರ್ (ಗೋಲು ತಡೆಯುವ ಆಟಗಾರ) ಎಲ್ಲಿ ಎಡವಿದ ಅಂತ ಮೊದಲೆಲ್ಲ ಮಾಜಿ ಆಟಗಾರ ಅಲನ್ ಹ್ಯಾನ್ಸನ್‌ರನ್ನು ಕೇಳುತ್ತಿದ್ದರು, ಆಮೇಲೆ ಇನ್ನೊಬ್ಬ ಮಾಜಿ ಆಟಗಾರ ಅಲನ್ ಶಿಯರರ್‌ರನ್ನು. ಉತ್ತರ ಲಿನೆಕರ್‌ಗೆ ಗೊತ್ತಿರಲಿಲ್ಲವೇ? ನನ್ನಂಥ ಹೊಸಬರಿಗಾಗಿ ಕೇಳುತ್ತಿದ್ದರು. ಆಟಗಾರ ಎದುರಾಳಿ ಗೋಲಿನ ಹತ್ತಿರ ಎಲ್ಲಿ ನಿಲ್ಲಬಹುದು ಎನ್ನುವ ಆಫ್‌ಸೈಡ್ ನಿಯಮ ನನ್ನ ತಲೆಗೆ ಹತ್ತಿದ್ದು ಹೀಗೆ.

ಅವರ ಬೆಲೆ ಚೆನ್ನಾಗಿ ಗೊತ್ತಾಗಿದ್ದು 2023ರ ಮಾರ್ಚ್‌ನಲ್ಲಿ. ಸರ್ಕಾರದ ನಿರಾಶ್ರಿತರ ನೀತಿಯನ್ನು ಟ್ವಿಟರ್‌ನಲ್ಲಿ ಟೀಕಿಸಿದ್ದಕ್ಕೆ ಅವರನ್ನು ಕಾರ್ಯಕ್ರಮದಿಂದ ದೂರ ಇಟ್ಟರು. ಅವರ ಜೊತೆ ಸ್ಟುಡಿಯೋದಲ್ಲಿ ಕೂರುತ್ತಿದ್ದ ಇಯಾನ್ ರೈಟ್, ಶಿಯರರ್ ತಾವೂ ಬರುವುದಿಲ್ಲ ಎಂದರು. ಕಾಮೆಂಟೇಟರ್‌ಗಳೂ ಹಿಂದೆ ಸರಿದರು. ಆ ಶನಿವಾರ ಬಂದದ್ದು ಬರೀ 20 ನಿಮಿಷ. ಶುರುವಿನ ಸಂಗೀತ ಇಲ್ಲ, ವಿವರಣೆ ಇಲ್ಲ, ಜನರ ಕೂಗು ಮಾತ್ರ. ಗೋಲುಗಳು ಕಂಡವು, ಯಾಕೆ ಆದವು ಅಂತ ಹೇಳುವವರೇ ಇರಲಿಲ್ಲ. ಒಬ್ಬ ನಿರೂಪಕನಿಗಾಗಿ ಜೊತೆಯವರು ಹೀಗೆ ಎದ್ದು ನಿಲ್ಲುವುದು ಅಪರೂಪ ಅಲ್ವಾ? ಆವತ್ತಿನಿಂದ ನನಗೆ ಅವರ ಮೇಲೆ ಗೌರವ ಇನ್ನೂ ಜಾಸ್ತಿಯಾಯಿತು.

ಅವರು ಕೊಟ್ಟ ಮಾತನ್ನೂ ಉಳಿಸಿಕೊಳ್ಳುತ್ತಿದ್ದರು. ನಮ್ಮೂರಿನ ತಂಡ ಲೆಸ್ಟರ್ ಸಿಟಿ ಪ್ರೀಮಿಯರ್ ಲೀಗ್ ಗೆದ್ದರೆ ಒಳಚಡ್ಡಿಯಲ್ಲೇ ಬಂದು ಕಾರ್ಯಕ್ರಮ ನಡೆಸುತ್ತೇನೆ ಎಂದಿದ್ದರು. 2016ರಲ್ಲಿ ತಂಡ ಗೆದ್ದಿತು. ಆಗಸ್ಟ್‌ನಲ್ಲಿ ಹಾಗೇ ಬಂದರು! ಇಡೀ ಊರು ಖುಷಿಪಟ್ಟಿತು.

ಕಾರ್ಯಕ್ರಮದಲ್ಲಿ ಕೊರತೆ ಇಲ್ಲದಿಲ್ಲ. ದೊಡ್ಡ ತಂಡಗಳ ಪಂದ್ಯ ಮೊದಲು, ಉದ್ದಕ್ಕೆ. ಸಣ್ಣ ತಂಡಗಳದ್ದು ಕೊನೆಗೆ, ಚುಟುಕಾಗಿ. ಅದು ನನಗೆ ಯಾವತ್ತೂ ಹಿಡಿಸಲಿಲ್ಲ.

ಈಗ ಕೆಲ್ಲಿ ಕೇಟ್ಸ್, ಗ್ಯಾಬಿ ಲೋಗನ್, ಮಾರ್ಕ್ ಚಾಪ್‌ಮನ್ ಸರದಿಯಲ್ಲಿ ನಡೆಸುತ್ತಾರೆ. ಮೂವರೂ ಒಳ್ಳೆಯವರೇ. ಆದರೆ ಮೈದಾನದಲ್ಲಿ ಗೋಲು ಹೊಡೆದ ಮನುಷ್ಯ ಪ್ರಶ್ನೆ ಕೇಳುವ ರೀತಿಯೇ ಬೇರೆ. ಅದು ಬೇಕೆನಿಸಿದರೆ ಶಿಯರರ್, ಮತ್ತೊಬ್ಬ ಮಾಜಿ ಆಟಗಾರ ಮೈಕಾ ರಿಚರ್ಡ್ಸ್ ಜೊತೆ ಲಿನೆಕರ್ ನಡೆಸುವ 'ದ ರೆಸ್ಟ್ ಈಸ್ ಫುಟ್‌ಬಾಲ್' ಪಾಡ್‌ಕಾಸ್ಟ್ ಕೇಳಿ. ಹರಟೆ ಸ್ವಲ್ಪ ಜಾಸ್ತಿ. ಹೊಸಬರು ಪಂದ್ಯ ನೋಡಿದ ಮೇಲೇ ಕೇಳಿ, ಇಲ್ಲದಿದ್ದರೆ ತಲೆಬುಡ ಗೊತ್ತಾಗುವುದಿಲ್ಲ.