ಹತ್ತು ಪಂಪಿನ ಪಬ್ಬೋ, ಒಂದು ಪೀಪಾಯಿಯ ಪಬ್ಬೋ

"ಎಂತ ಮಾರಾಯ, ಇವರ ಫ್ರಿಜ್ ಹಾಳಾಗಿದೆಯಾ?"

ಭಾವ ಉಡುಪಿಯಿಂದ ಇಂಗ್ಲೆಂಡಿನ ಡರ್ಬಿಗೆ ಬಂದು ಆಗಿನ್ನೂ ಮೂರು ದಿನ. ಮೊದಲ ಸಲ ರಿಯಲ್ ಏಲ್, ಅಂದರೆ ಪೀಪಾಯಿಯೊಳಗೇ ಹುದುಗುತ್ತಾ ಇರುವ ಇಲ್ಲಿಯ ಬಿಯರ್, ಬಾಯಿಗಿಟ್ಟಿದ್ದರು. ಅವರ ಲೆಕ್ಕದಲ್ಲಿ ಬಿಯರ್ ಅಂದರೆ ಬಾಟಲಿ ಮೇಲೆ ನೀರಿನ ಹನಿ ಕೂತಿರಬೇಕು, ಮೊದಲ ಗುಟುಕಿಗೇ ಹಲ್ಲು ಜುಮ್ ಅನ್ನಬೇಕು. ಇದು ಬಿಸಿ ಅಲ್ಲ ಭಾವ, ನೆಲಮಾಳಿಗೆಯ ತಂಪು, 11ರಿಂದ 13 ಡಿಗ್ರಿ, ಇದನ್ನು ಹೀಗೇ ಕುಡಿಯೋದು ಅಂತ ನಾನು ಪಾಠ ಶುರು ಮಾಡಿದೆ. ಆಮೇಲೆ ನನ್ನ ಗ್ಲಾಸಿನಿಂದ ಒಂದು ಗುಟುಕು ಕುಡಿದು ಸುಮ್ಮನಾದೆ. ಹುಳಿ. ತಂಪಿನ ಪ್ರಶ್ನೆಯೇ ಅಲ್ಲ, ಬಿಯರ್ ಕೆಟ್ಟಿತ್ತು.

ಎರಡೂ ಗ್ಲಾಸ್ ವಾಪಸ್ ತೆಗೆದುಕೊಂಡು ಹೋದೆ. ಕೌಂಟರ್ ಹುಡುಗ ಮೂಸಿಯೂ ನೋಡದೆ, ರಿಯಲ್ ಏಲ್ ಅಂದರೆ ಹೀಗೇ ಇರುತ್ತೆ ಅಂದ. ಹೀಗಿರಲ್ಲ. ಆ ಪಬ್ಬಿನ ಹೆಸರು ಬೇಡ. ಆದರೆ ಅದರ ಕೌಂಟರ್ ಮೇಲೆ ನೆಲಮಾಳಿಗೆಯ ಪೀಪಾಯಿಯಿಂದ ಬಿಯರ್ ಎಳೆಯುವ ಹತ್ತು ಹ್ಯಾಂಡ್‌ಪಂಪ್ ಸಾಲಾಗಿ ನಿಂತಿದ್ದವು, ಒಳಗಿದ್ದವರು ನಮ್ಮನ್ನೂ ಸೇರಿಸಿ ಏಳು ಜನ. ಭಾವ ಇನ್ನೂ ಮೂರು ವಾರ ಇರುವವರಿದ್ದರು. ಅಷ್ಟರಲ್ಲಿ ಇವರಿಗೆ ಸರಿಯಾದ ಏಲ್ ಕುಡಿಸಲೇಬೇಕು ಅಂತ ನನಗೆ ಹಠ ಬಂತು. ಪಬ್ಬಿಗೂ ಪಬ್ಬಿಗೂ ಮಾಡಿದ ಈ ಹೋಲಿಕೆ ಹುಟ್ಟಿದ್ದು ಹಾಗೆ.

ಇದು ಯಾಕೆ ಕೆಡುತ್ತೆ ಅಂತ ಗೊತ್ತಿದ್ದರೆ ಉಳಿದಿದ್ದೆಲ್ಲ ಸುಲಭ. ಕೆಗ್ ಅನ್ನೋ ಮುಚ್ಚಿದ ಡಬ್ಬದಲ್ಲಿ ಬರುವ ಮಾಮೂಲಿ ಬಿಯರನ್ನು ಬ್ರೂವರಿಯಲ್ಲೇ ಸೋಸಿ, ಬಹಳಷ್ಟು ಸಲ ಕಾಯಿಸಿ ಯೀಸ್ಟನ್ನು ಸಾಯಿಸಿ ಕಳಿಸುತ್ತಾರೆ. ಪಬ್ಬಿನಲ್ಲಿ ಅದನ್ನು ಮೇಲಕ್ಕೆ ತಳ್ಳೋದು ಗ್ಯಾಸ್. ರಿಯಲ್ ಏಲ್‌ನ ಯೀಸ್ಟ್ ಪೀಪಾಯಿಯೊಳಗೂ ಜೀವಂತ, ಪಬ್ಬಿನ ನೆಲಮಾಳಿಗೆಗೆ ಬಂದ ಮೇಲೂ ಅದು ಹುದುಗುತ್ತಾ ಇರುತ್ತೆ. ಮೇಲಿನ ತೂತಿಗೆ ಮೆತ್ತನೆ ಮರದ ಬೆಣೆ ಹೊಡೆದು ಜಾಸ್ತಿಯಾದ ಗ್ಯಾಸ್ ಬಿಡುತ್ತಾರೆ, ಹದಕ್ಕೆ ಬಂದ ಮೇಲೆ ಗಟ್ಟಿ ಬೆಣೆ ಹಾಕಿ ತಡೆಯುತ್ತಾರೆ, ಮಡ್ಡಿ ತಳ ಸೇರಲು ಕಾಯುತ್ತಾರೆ. ಮಾರಲು ಶುರು ಮಾಡಿದ ಮೇಲೆ ಖಾಲಿಯಾದ ಜಾಗಕ್ಕೆ ಗಾಳಿ ಬರುತ್ತೆ. ಅಲ್ಲಿಂದ ಹೆಚ್ಚು ಕಡಿಮೆ ಮೂರು ದಿನ, ಆಮೇಲೆ ವಿನೆಗರ್ ದಾರಿ. ಭಾವನಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ. ಬೆಳಿಗ್ಗೆ ಇಳಿಸಿದ ಕಳ್ಳು ಸಂಜೆಗೆ ಬೇರೆಯೇ ಕಳ್ಳು ಅಂತ ಕರಾವಳಿಯವರಿಗೆ ನಾನೇನು ಹೇಳಿಕೊಡಲಿ.

ಈಗ ಲೆಕ್ಕ ಹಾಕಿ. ಪಬ್ಬುಗಳಲ್ಲಿ ಸಾಮಾನ್ಯವಾಗಿ ಕಾಣುವ ಪೀಪಾಯಿ ಫರ್ಕಿನ್. 9 ಗ್ಯಾಲನ್, ಅಂದರೆ 72 ಪೈಂಟ್. ಪಂಪಿಗೊಂದು ಪೀಪಾಯಿ ಅಂದರೂ ಹತ್ತು ಪಂಪ್ ಇಟ್ಟವನು ಮೂರು ದಿನದಲ್ಲಿ 720 ಪೈಂಟ್ ಮಾರಬೇಕು, ದಿನಕ್ಕೆ 240. ಮಂಗಳವಾರ ಸಂಜೆ ಏಳು ಜನ ಕೂತರೆ ಎಲ್ಲಿಂದ ಬರುತ್ತೆ? ಇನ್ನೂರು ಐಟಂ ಮೆನು ಇಟ್ಟ ಖಾಲಿ ಹೋಟೆಲ್ ಒಂದು ಕಡೆ, ಇಡ್ಲಿ ವಡೆ ದೋಸೆ ಬಿಟ್ಟು ಬೇರೇನೂ ಇಲ್ಲದ, ಹತ್ತು ಗಂಟೆಗೆಲ್ಲ ಹಿಟ್ಟು ಖಾಲಿಯಾಗುವ ಹೋಟೆಲ್ ಇನ್ನೊಂದು ಕಡೆ. ಊರಲ್ಲಾದರೆ ನಾವು ಯಾವುದಕ್ಕೆ ನುಗ್ಗುತ್ತೇವೆ ಹೇಳಿ.

ನನ್ನ ಈ ಸಿದ್ಧಾಂತವನ್ನು ಎರಡೇ ದಿನದಲ್ಲಿ ಕೆಡಿಸಿದ್ದು ಡರ್ಬಿಯ ಬ್ರನ್ಸ್‌ವಿಕ್ ಇನ್. ಸ್ಟೇಷನ್ ಹತ್ತಿರವೇ ಇದೆ, 1840ರ ದಶಕದಲ್ಲಿ ರೈಲ್ವೆಯವರಿಗಾಗಿ ಕಟ್ಟಿದ್ದು, ರಸ್ತೆ ಮೂಲೆಯಲ್ಲಿ ಇಸ್ತ್ರಿಪೆಟ್ಟಿಗೆ ಮೂತಿಯ ಹಾಗೆ ಚೂಪಾಗಿ ನಿಂತಿದೆ. ಒಳಗೆ ಕಲ್ಲು ಹಾಸಿನ ನೆಲ, ಹಿಂದುಗಡೆ ಸ್ವಂತ ಬ್ರೂವರಿ. ಅಲ್ಲೂ ಸಾಲು ಸಾಲು ಪಂಪ್. ಆದರೆ ಶುಕ್ರವಾರ ಐದೂವರೆಗೆ ಕೌಂಟರ್ ಮುಟ್ಟಲು ಮೊಣಕೈ ಉಪಯೋಗಿಸಬೇಕು, ಅಷ್ಟು ಜನ. ನಾಲ್ಕು ಬಗೆ ಹಾಫ್, ಅಂದರೆ ಅರ್ಧರ್ಧ ಪೈಂಟ್, ತೆಗೆದುಕೊಂಡೆವು, ನಾಲ್ಕೂ ಚೆನ್ನಾಗಿದ್ದವು. ಅಂದರೆ ತಪ್ಪು ಪಂಪಿನದ್ದಲ್ಲ, ಪಂಪಿಗೆ ತಕ್ಕ ಬಾಯಿ ಇಲ್ಲದ್ದು. ಸರಿ, ತಿದ್ದಿಕೊಂಡೆ.

ಆದರೂ ಮನಸ್ಸು ಹೋಗೋದು ಬರ್ಟನ್ ಕಡೆಗೇ. ಡರ್ಬಿಯಿಂದ ರೈಲಿನಲ್ಲಿ ಹತ್ತು ಹನ್ನೆರಡು ನಿಮಿಷ. ಈ ಊರಿನ ನೀರಲ್ಲಿ ಜಿಪ್ಸಮ್ ಜಾಸ್ತಿ. 19ನೇ ಶತಮಾನದಲ್ಲಿ ಕಲ್ಕತ್ತಾಗೆ, ಮದ್ರಾಸಿಗೆ ಹಡಗಿನಲ್ಲಿ ಹೋಗುತ್ತಿದ್ದ ಇಂಡಿಯಾ ಪೇಲ್ ಏಲ್‌ಗೆ ದೊಡ್ಡ ಹೆಸರು ಬಂದಿದ್ದು ಈ ನೀರಿನಿಂದಲೇ. ವಿಲಿಯಂ ಬ್ಯಾಸ್ ಇಲ್ಲಿ ಬ್ರೂವರಿ ಹಾಕಿದ್ದು 1777ರಲ್ಲಿ. ಅವರ ಕೆಂಪು ತ್ರಿಕೋನ ಬ್ರಿಟನ್ನಿನಲ್ಲಿ ನೋಂದಣಿಯಾದ ಮೊಟ್ಟಮೊದಲ ಟ್ರೇಡ್‌ಮಾರ್ಕ್, 1876ರದ್ದು. ನಾವು ಹೋದ ಇಲ್ಲಿನ ಕೂಪರ್ಸ್ ಟಾವರ್ನ್ ಅನ್ನೋ ಪಬ್ಬು ಒಂದು ಕಾಲಕ್ಕೆ ಬ್ಯಾಸ್‌ನವರ ಉಗ್ರಾಣವೇ ಆಗಿತ್ತಂತೆ.

ಮುಂದಿನ ಕೋಣೆ ಮಾಮೂಲಿ. ನೇರ ಹಿಂದಿನ ಕೋಣೆಗೆ ಹೋಗಿ. ಗೋಡೆಗೆ ಒರಗಿದ ಬೆಂಚು, ಮೇಜಿನ ಬದಲು ಪೀಪಾಯಿ, ಒಂದು ಪುಟ್ಟ ಕೌಂಟರ್, ಅದರ ಪಕ್ಕದಲ್ಲೇ ಮಲಗಿಸಿಟ್ಟ ಬಿಯರಿನ ಪೀಪಾಯಿಗಳು. ಬ್ಯಾಸ್ ಕೇಳಿದರೆ ಪಂಪ್ ಎಳೆಯಲ್ಲ, ಪೀಪಾಯಿಯ ನಲ್ಲಿ ತಿರುಗಿಸಿ ಗ್ಲಾಸ್ ಹಿಡಿಯುತ್ತಾರೆ, ಅಷ್ಟೇ. ನೊರೆ ಬೆರಳಿನಷ್ಟೂ ಇಲ್ಲ. ಬಣ್ಣ ಹಾಲಿಲ್ಲದ ಚಹಾದ ಹಾಗೆ. ಮೂಗಿನ ಹತ್ತಿರ ತಂದರೆ ಬೆಂಕಿಕಡ್ಡಿ ಗೀರಿದ ವಾಸನೆ ಸಣ್ಣಗೆ ಬಂದು ಹೋಗುತ್ತೆ, ಅದು ಬರ್ಟನ್ ನೀರಿನ ಗುರುತು. ಆಮೇಲೆ ಬಾಯಲ್ಲಿ ಬ್ರೆಡ್ಡಿನ ಕಂದು ಅಂಚಿನ ರುಚಿ, ಒಂಚೂರು ಸೇಬು, ಕೊನೆಗೆ ಹದವಾದ ಕಹಿ. ಆಲ್ಕೋಹಾಲ್ 4.4 ಶೇಕಡ, ಎರಡು ಕುಡಿದರೂ ಮಾತು ತೊದಲಲ್ಲ. ಭಾವ ಅರ್ಧ ಗ್ಲಾಸ್ ಮುಗಿಸಿ ಅದನ್ನೇ ತಿರುಗಿಸಿ ತಿರುಗಿಸಿ ನೋಡಿದರು. "ಇದು ನಮ್ಮ ಕಳ್ಳಿನ ಹಾಗೆ ಜೀವ ಉಂಟು ಮಾರಾಯ." ಫ್ರಿಜ್ಜಿನ ಸುದ್ದಿ ಎತ್ತಲಿಲ್ಲ.

ಇಲ್ಲಿ ಪಂಪಿಗೂ ನಲ್ಲಿಗೂ ಇರುವ ಒಂದು ವ್ಯತ್ಯಾಸ ಹೇಳಬೇಕು. ಪಂಪಿನ ಬಿಯರ್ ನೆಲಮಾಳಿಗೆಯಿಂದ ಪೈಪಿನಲ್ಲಿ ಮೇಲೆ ಬರುತ್ತೆ, ರಾತ್ರಿ ಆ ಪೈಪಿನಲ್ಲಿ ಉಳಿದಿದ್ದು ಬೆಳಿಗ್ಗೆ ಹಳಸಿರುತ್ತೆ. ಒಳ್ಳೆ ಪಬ್ಬಿನವರು ಅದನ್ನು ಎಳೆದು ಚೆಲ್ಲುತ್ತಾರೆ, ಜಿಪುಣರು ಮೊದಲ ಗಿರಾಕಿಗೆ ಕೊಡುತ್ತಾರೆ. ಹಾಗಾಗಿ ನಾನು ಪಂಪಿನ ಪಬ್ಬಿಗೆ ಬಾಗಿಲು ತೆಗೆದ ತಕ್ಷಣ ಹೋಗಲ್ಲ. ನಲ್ಲಿಗೆ ಈ ತಾಪತ್ರಯವಿಲ್ಲ. ಆದರೆ ಪೀಪಾಯಿ ಜನ ಕೂರುವ ಕೋಣೆಯಲ್ಲೇ ಇದ್ದರೆ ಬೇಸಿಗೆಯಲ್ಲಿ ಅದನ್ನು ತಂಪಾಗಿಡಲು ಒದ್ದಾಡಬೇಕು. ಎಲ್ಲದಕ್ಕೂ ಒಂದು ಕೊಕ್ಕೆ.

ಬಿಯರ್ ಮೇಲೆ ನೊರೆ ಬೇಕೋ ಬೇಡವೋ ಅನ್ನೋ ಜಗಳ ಬಗೆಹರಿಸಲು ಶೆಫೀಲ್ಡ್‌ಗೆ ಹೋದೆವು. ಇಂಗ್ಲೆಂಡಿನ ಉತ್ತರದವರು ಪಂಪಿನ ಮೂತಿಗೆ ಸಣ್ಣ ತೂತುಗಳ ಪ್ಲಾಸ್ಟಿಕ್ ಮುಚ್ಚಳ ಸಿಕ್ಕಿಸುತ್ತಾರೆ, ಹೆಸರು ಸ್ಪಾರ್ಕ್ಲರ್. ಬಿಯರ್ ಅದರೊಳಗೆ ನುಗ್ಗಿ ಬಂದು ಮೇಲೆ ಕೆನೆಯಂಥ ನೊರೆ ಕಟ್ಟುತ್ತೆ. ದಕ್ಷಿಣದವರಿಗೆ ಅದು ಮೋಸ, ನೊರೆಗೂ ದುಡ್ಡು ಕೊಡಬೇಕಾ ಅಂತ. ಫಾರ್ಮರ್ಸ್ ಬ್ಲಾಂಡ್ ಅನ್ನೋ ತಿಳಿ ಬಣ್ಣದ ಲೋಕಲ್ ಬಿಯರ್ ಹಾಫ್ ತೆಗೆದುಕೊಂಡು, ಇನ್ನೊಂದು ಹಾಫ್ ಸ್ಪಾರ್ಕ್ಲರ್ ಕಳಚಿ ಕೊಡ್ತೀರಾ ಅಂತ ಕೇಳಿದೆ. ಕೌಂಟರಿನಲ್ಲಿದ್ದ ಹೆಂಗಸು ನನ್ನನ್ನು ಲಂಡನ್ನಿನವನು ಅಂದುಕೊಂಡು ನಕ್ಕರು, ಆದರೂ ಕೊಟ್ಟರು. ಪಕ್ಕಪಕ್ಕ ಇಟ್ಟು ಕುಡಿದರೆ ಫರಕು ನಾನಂದುಕೊಂಡಿದ್ದಕ್ಕಿಂತ ಜಾಸ್ತಿ. ಸ್ಪಾರ್ಕ್ಲರ್ ಹಾಕಿದ್ದು ನಾಲಿಗೆಗೆ ನುಣುಪು, ಆದರೆ ಹಾಪ್ಸ್ (ಬಿಯರಿಗೆ ಕಹಿ, ಪರಿಮಳ ಕೊಡುವ ಹೂವು) ಪರಿಮಳವೆಲ್ಲ ನೊರೆಗೆ ಹೋಗಿ ಕೆಳಗೆ ಸಪ್ಪೆ ಉಳಿದಿತ್ತು. ಹಾಕದ್ದು ನೋಡಲು ಬೋಳು, ರುಚಿ ಮಾತ್ರ ಚುರುಕು. ನಾನು ಬೋಳಿನ ಕಡೆ. ಎತ್ತಿ ಆರಿಸಿ ನೊರೆ ಬರಿಸಿದ ಕಾಫಿಯೇ ಕಾಫಿ ಅನ್ನುವ ಭಾವ ನೊರೆಯ ಕಡೆ. ಜಗಳ ಬಗೆಹರಿಯಲಿಲ್ಲ.

ಇನ್ನು ಕೆಗ್ ಅಂದರೆ ಎಲ್ಲವೂ ಕೆಟ್ಟದ್ದು ಅಂತ ತಿಳಿಯಬೇಡಿ. ಬೇಕ್‌ವೆಲ್ ಕಡೆಯ ಥಾರ್ನ್‌ಬ್ರಿಜ್‌ನವರು 2005ರಿಂದ ಜೈಪುರ್ ಅಂತ ಒಂದು ಐಪಿಎ (ಅದೇ ಇಂಡಿಯಾ ಪೇಲ್ ಏಲ್) ಮಾಡುತ್ತಾರೆ, 5.9 ಶೇಕಡ. (ಬೆಂಗಳೂರು ಅಂತ ಯಾಕೆ ಇಡಲಿಲ್ಲ ಅನ್ನೋ ಹೊಟ್ಟೆಕಿಚ್ಚು ನನಗಿದೆ.) ಒಂದೇ ಪಬ್ಬಿನಲ್ಲಿ ಅದು ಪೀಪಾಯಿಯಲ್ಲೂ ಕೆಗ್ಗಿನಲ್ಲೂ ಸಿಕ್ಕಿತು. ಪೀಪಾಯಿಯದ್ದು ದುಂಡಗೆ, ಜೇನಿನ ಹಾಗೆ. ಕೆಗ್ಗಿನದ್ದು ಚಳಿ, ಚೂಪು, ಚಕೋತದ ಕಹಿ ಎದ್ದು ಕಾಣುತ್ತೆ. ಬೇಸಿಗೆ ಮಧ್ಯಾಹ್ನ ಬಿಸಿಲಲ್ಲಿ ಕೂತಿದ್ದಕ್ಕೋ ಏನೋ, ನನಗೆ ಕೆಗ್ಗಿನದ್ದೇ ಹಿಡಿಸಿತು. ಇದನ್ನು ಓದಿ ರಿಯಲ್ ಏಲ್ ಉಳಿಸಲು ಹೋರಾಡುವ ಕ್ಯಾಮ್ರಾದವರು ನನ್ನ ಸದಸ್ಯತ್ವದ ಕಾರ್ಡ್ ಕಿತ್ತುಕೊಳ್ಳದಿದ್ದರೆ ಸಾಕು. ಕೆಗ್ ಬಿಯರ್ ಎಲ್ಲ ಪಬ್ಬುಗಳನ್ನೂ ನುಂಗುತ್ತಿದ್ದ ಕಾಲದಲ್ಲಿ, 1971ರಲ್ಲಿ, ರಜೆಗೆ ಐರ್ಲೆಂಡಿಗೆ ಹೋಗಿದ್ದ ನಾಲ್ಕು ಜನ ಇಂಗ್ಲೆಂಡಿನ ಗೆಳೆಯರು ಶುರು ಮಾಡಿದ ಸಂಘ ಅದು.

ಅದೇ ಸಂಘದ ಕೇಂಬ್ರಿಡ್ಜ್ ಬಿಯರ್ ಹಬ್ಬಕ್ಕೆ ಅಕ್ಕನನ್ನೂ ಕರೆದುಕೊಂಡು ಹೋದೆವು. 1974ರಲ್ಲಿ ಶುರುವಾಗಿದ್ದು, ಈಗ ಮೇ ತಿಂಗಳಲ್ಲಿ ಜೀಸಸ್ ಗ್ರೀನ್ ಮೈದಾನದಲ್ಲಿ ದೊಡ್ಡ ಡೇರೆ ಹಾಕಿ ನಡೆಸುತ್ತಾರೆ. ಬಡಿಸುವವರೆಲ್ಲ ಸಂಬಳವಿಲ್ಲದ ಸ್ವಯಂಸೇವಕರು. ಬಾಗಿಲಲ್ಲಿ ದುಡ್ಡು ಕೊಟ್ಟು ಗೆರೆ ಹಾಕಿದ ಗ್ಲಾಸ್ ತೆಗೆದುಕೊಳ್ಳೋದು, ಅದನ್ನೇ ಹಿಡಿದು ಓಡಾಡೋದು. ಪೈಂಟಿನ ಮೂರನೇ ಒಂದು ಪಾಲು, ಅಂದರೆ 189 ಮಿಲಿ ಕೂಡ ಕೊಡುತ್ತಾರೆ, ಅದೇ ಹಬ್ಬದ ಮಜಾ. ಯಾರದಾದರೂ ಗ್ಲಾಸ್ ಕೆಳಗೆ ಬಿದ್ದು ಒಡೆದರೆ ಇಡೀ ಡೇರೆ ಹೋ ಅಂತ ಕೂಗುತ್ತೆ. ಚೀಸ್ ಅಂಗಡಿ ಬೇರೆ, ಅದರ ಮುಂದೆ ಅಕ್ಕ ಮುಕ್ಕಾಲು ಗಂಟೆ ಕಳೆದಳು.

ಪಬ್ಬಿಗೆ ಹೋಲಿಸಿದರೆ ಹಬ್ಬ ಕಲಿಯಲು ಒಳ್ಳೆಯದು, ಕುಡಿಯಲು ಅಲ್ಲ. ಐದನೇ ಗ್ಲಾಸಿನ ಹೊತ್ತಿಗೆ ನಾಲಿಗೆ ರಾಜೀನಾಮೆ ಕೊಟ್ಟಿರುತ್ತೆ, ಕೂರಲು ಹುಲ್ಲೇ ಗತಿ. ಆದರೆ ಒಂದು ವಿಷಯದಲ್ಲಿ ಹಬ್ಬವೇ ಮೇಲು. ಬಿಯರ್ ತಿಳಿಯಾಗಲು ಬಹಳ ಬ್ರೂವರಿಗಳು ಪೀಪಾಯಿಗೆ ಐಸಿಂಗ್ಲಾಸ್ ಹಾಕುತ್ತಾರೆ, ಅದು ಮೀನಿನ ಹೊಟ್ಟೆಯೊಳಗಿನ ಗಾಳಿಚೀಲದಿಂದ ತೆಗೆದದ್ದು. ಅಕ್ಕ ಮೀನು ಮುಟ್ಟಲ್ಲ. ಅಲ್ಲಿಯವರೆಗೆ ನಮ್ಮ ಗ್ಲಾಸಿನಿಂದ ಎಷ್ಟು ಗುಟುಕು ಕುಡಿದಿದ್ದಳೋ, ಈ ಸುದ್ದಿ ಕೇಳಿ ನನ್ನನ್ನು ನೋಡಿದ ನೋಟ ಇವತ್ತಿಗೂ ಮರೆತಿಲ್ಲ. ಹಬ್ಬದಲ್ಲಿ ಅದನ್ನು ಹಾಕದ, ಸ್ವಲ್ಪ ಮಬ್ಬಾಗಿರುವ ಬಿಯರ್ ಯಾವುದು ಅಂತ ಕೇಳಿದರೆ ಆ ಸ್ವಯಂಸೇವಕರಿಗೆ ಗೊತ್ತು. ಪಬ್ಬಿನಲ್ಲಿ ಕೇಳಿ ನೋಡಿ, ಅರ್ಧ ಜನ ಕಣ್ಣು ಕಣ್ಣು ಬಿಡುತ್ತಾರೆ.

ಕೊನೆಯ ಸಂಜೆ ಎಲ್ಲಿಗೆ ಅಂತ ಭಾವನನ್ನೇ ಕೇಳಿದೆ. ಡರ್ಬಿಶೈರ್ ಗುಡ್ಡದ ಕಡೆ ಒಂದು ಹಳ್ಳಿ ಪಬ್ಬಿಗೆ ಮಧ್ಯದಲ್ಲಿ ಒಂದು ಸಲ ಹೋಗಿದ್ದೆವು. ಅಲ್ಲಿ ಇರೋದು ಒಂದೇ ಬಿಟರ್ (ಕಹಿ ಮುಂದಾದ ಏಲ್), ಒಂದೇ ಪೀಪಾಯಿ, ಬೆಂಕಿಗೂಡಿನ ಪಕ್ಕ ಒಂದು ನಾಯಿ. ಅಲ್ಲಿಗೇ ಅಂದರು. ನನ್ನ ಪಟ್ಟಿಯಲ್ಲೂ ಮೊದಲ ಜಾಗ ಅದಕ್ಕೇ, ಬರ್ಟನ್ ಎರಡನೆಯದು, ಬ್ರನ್ಸ್‌ವಿಕ್ ಮೂರನೆಯದು. ಹೋಗುವಷ್ಟರಲ್ಲಿ ಎಂಟೂವರೆ. ಮಾಲೀಕರು ಪೀಪಾಯಿಯ ಹಿಂದುಗಡೆ ಎತ್ತಿ, ಗ್ಲಾಸ್ ಹಿಡಿದು, ದೀಪಕ್ಕೆ ತೋರಿಸಿ ನೋಡಿದರು. ಮುಕ್ಕಾಲು ಗ್ಲಾಸ್ ತಿಳಿಯಾಗಿ ಬಂತು, ಆಮೇಲೆ ಮಡ್ಡಿ. ಆ ಮುಕ್ಕಾಲಕ್ಕೆ ದುಡ್ಡು ಬೇಡ ಅಂದರು, ಹೊಸ ಪೀಪಾಯಿ ಇನ್ನೂ ತಿಳಿಯಾಗಬೇಕು, ನಾಳೆ ಬನ್ನಿ ಅಂದರು. ಭಾವನ ವಿಮಾನ ಬೆಳಿಗ್ಗೆ. ಮುಕ್ಕಾಲು ಗ್ಲಾಸನ್ನು ಇಬ್ಬರೂ ಹಂಚಿಕೊಂಡೆವು.

"ನಮ್ಮ ಕಳ್ಳು ಇಳಿಸುವ ಮೂರ್ತೆಯವನೂ ಹೀಗೇ ಹೇಳ್ತಿದ್ದ," ಅಂದರು ಭಾವ. "ಮುಗೀತು, ನಾಳೆ ಬನ್ನಿ ಅಂತ."